ಹಳೆಯ ಕಾರಿಗೆ ಹೊಸ ರೇಡಿಯೋ

ಬೆಂಗಳೂರಿನಿಂದ ಉತ್ತರಕ್ಕೆ ಹೊರಟು, ಹೆಬ್ಬಾಳದ ಮೇಲುಸೇತುವೆಯನ್ನು ದಾಟಿ, ಬಳ್ಳಾರಿ ರಸ್ತೆಯಲ್ಲಿ ಬ್ಯಾಟರಾಯನಪುರದ ಬಳಿ ಬಲಕ್ಕೆ ತಿರುಗಿದರೆ ಅಮೃತಹಳ್ಳಿ. ಅಲ್ಲಿ ನಮ್ಮ ಮನೆಯ ಮುಂದೆ ನಿಲ್ಲುವ ಸಣ್ಣ ಕಾರು ೨೦೦೯ರಲ್ಲಿ ಕೊಂಡದ್ದು. ಎಂಜಿನ್ನು ಇನ್ನೂ ಗಟ್ಟಿಯಾಗಿದೆ. ಕಾರಿನೊಡನೆ ಕಾರ್ಖಾನೆಯಿಂದಲೇ ಬಂದಿದ್ದ ರೇಡಿಯೋ ಮಾತ್ರ ಮುಪ್ಪಿಗೆ ಸಂದಿತು. ಧ್ವನಿ ಏರಿಸುವ ಗುಂಡಿಯನ್ನು ತಿರುಗಿಸಿದರೆ ಒಮ್ಮೆ ಪಿಸುಮಾತು, ಒಮ್ಮೆ ಅಬ್ಬರ, ಸಿ.ಡಿ.ಯನ್ನು ಒಳಗೆ ಎಳೆದುಕೊಂಡರೆ ಹಿಂದಕ್ಕೆ ಕೊಡುತ್ತಿರಲಿಲ್ಲ. ಹೊಸದನ್ನು ಹಾಕಿಸೋಣವೆಂದು ನಗರದ ಒಂದು ಅಂಗಡಿಗೆ ಹೋದೆವು. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಹಳೆಯ ಪೆಟ್ಟಿಗೆಯ ಜಾಗದಲ್ಲಿ ಬಣ್ಣದ ತೆರೆಯುಳ್ಳ ಹೊಸ ಪೆಟ್ಟಿಗೆ ಬೆಳಗಿತು.

ಆ ಶುಕ್ರವಾರ ರಾತ್ರಿ ನಿಲ್ಲಿಸಿದ ಕಾರು ಸೋಮವಾರ ಬೆಳಗ್ಗೆ ಹೊರಡಲಿಲ್ಲ. ಕೀಲಿ ತಿರುಗಿಸಿದರೆ ‘ಟಿಕ್’ ಎಂಬ ಒಂದೇ ಸದ್ದು. ನಮ್ಮ ಮಾವನವರನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು; ಸರದಿ ಬೆಳಗಿನ ಆರು ಗಂಟೆಗೆ. ಅಂದು ನೆರೆಮನೆಯವರು ತಮ್ಮ ಕಾರನ್ನು ಕೊಟ್ಟದ್ದರಿಂದ ಸರದಿ ತಪ್ಪಲಿಲ್ಲ. ಬ್ಯಾಟರಿಗೆ ವಿದ್ಯುತ್ತು ತುಂಬಿಸಿ ಮುಂದಿನ ಸಲ ಹೊರಟಾಗ ಇನ್ನೆರಡು ಕೊರತೆಗಳು ಕಂಡುಬಂದವು. ಎಫ್.ಎಂ. ಕೇಂದ್ರಗಳು ಮೊದಲಿನಷ್ಟು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಮಾವನವರು ದಾರಿಯುದ್ದಕ್ಕೂ ಕೇಳಲು ಬಯಸುವ ಬೆಂಗಳೂರು ಆಕಾಶವಾಣಿಯ ೬೧೨ ಅಂತೂ ಸಿಕ್ಕಲೇ ಇಲ್ಲ. “ಹಳೇದೇ ವಾಸಿಯಾಗಿತ್ತಲ್ಲಪ್ಪ” ಎಂದು ಅವರು ಒಂದೇ ಮಾತು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದರು.

ಆ ಭಾನುವಾರ ಒಂದು ಮಲ್ಟಿಮೀಟರನ್ನು ಹಿಡಿದು ನಾವೇ ಕುಳಿತೆವು. ಮೂರು ಕೊರತೆಗಳಿಗೂ ಕಾರಣಗಳು ಬೇರೆ ಬೇರೆಯಾಗಿದ್ದವು. ಮೂರೂ ಪ್ರೌಢಶಾಲೆಯ ಭೌತಶಾಸ್ತ್ರಕ್ಕೆ ಮೀರಿದುವಲ್ಲ. ಹಳೆಯ ಕಾರುಗಳನ್ನು ಇಟ್ಟುಕೊಂಡಿರುವ ವಾಚಕರು ಅನೇಕರಿರುವುದರಿಂದ ನಾವು ಕಂಡುಕೊಂಡದ್ದನ್ನು ಇಲ್ಲಿ ವಿವರಿಸುತ್ತೇವೆ.

ಕಾರಿನಲ್ಲಿ ರೇಡಿಯೋ ಇಡುವ ಯೋಚನೆ ಹಳೆಯದು. ಅಮೆರಿಕೆಯ ಗ್ಯಾಲ್ವಿನ್ ಸಹೋದರರು ‘ಮೊಟೊರೋಲಾ’ ಎಂಬ ಹೆಸರಿನ ಕಾರು ರೇಡಿಯೋವನ್ನು ೧೯೩೦ರಲ್ಲಿ ಮಾರುಕಟ್ಟೆಗೆ ತಂದರು. ಜರ್ಮನಿಯಲ್ಲಿ ಬ್ಲೌಪುಂಕ್ಟ್ ರೇಡಿಯೋ ೧೯೩೨ರಲ್ಲಿ ಬಂದಿತು. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದ್ದು ೧೯೩೫ರಲ್ಲಿ, ಎಂದರೆ ನಮ್ಮ ನಾಡಿನಲ್ಲಿ ಕೇಳಲು ಒಂದು ಕೇಂದ್ರ ಹುಟ್ಟುವ ಮೊದಲೇ ಹೊರದೇಶಗಳಲ್ಲಿ ಕಾರುಗಳು ಹಾಡುತ್ತಿದ್ದವು. ಕವಾಟಗಳ ಕಾಲದ ಆ ರೇಡಿಯೋಗಳಿಗೆ ಇನ್ನೂರು ವೋಲ್ಟಿನ ಆಸುಪಾಸಿನ ವಿದ್ಯುತ್ತು ಬೇಕಾಗುತ್ತಿತ್ತು. ಬ್ಯಾಟರಿಯ ಪ್ರವಾಹವನ್ನು ಒಂದು ಕಂಪಿಸುವ ನಾಲಗೆಯಿಂದ ಕಡಿಕಡಿದು, ಪರಿವರ್ತಕದ ಮೂಲಕ ಅದರ ವೋಲ್ಟನ್ನು ಏರಿಸುತ್ತಿದ್ದರು. ಹಾಡಿನ ಹಿಂದೆ ಜೀರುಂಡೆಯಂತಹ ಸದ್ದು ಸದಾ ಇರುತ್ತಿತ್ತು. ಟ್ರಾನ್ಸಿಸ್ಟರು ಬಂದ ಮೇಲೆ ಆ ನಾಲಗೆ ಮೌನವಾಯಿತು.

ರೇಡಿಯೋ ಕೂರುವ ಕಿಂಡಿಗೂ ಒಂದು ಅಳತೆ ಗೊತ್ತಾಯಿತು. ಮುಖದ ಅಗಲ ೧೮೦, ಎತ್ತರ ೫೦ ಮಿಲಿಮೀಟರು. ಜರ್ಮನಿಯ ಮಾನಕ ಸಂಸ್ಥೆಯ ಮೊದಲಕ್ಷರಗಳಿಂದ ಇದಕ್ಕೆ ‘ಡಿನ್’ ಎಂಬ ಹೆಸರು ಬಂದಿದೆ. ಎತ್ತರ ಇಮ್ಮಡಿಯಾದರೆ ‘ಡಬಲ್ ಡಿನ್’. ೧೯೮೩ರ ಕೊನೆಯಲ್ಲಿ ಬಂದ ಮಾರುತಿ ೮೦೦ನ್ನು ಓಡಿಸಿದವರಿಗೆ ಒಂಟಿ ಕಿಂಡಿಯ ಪರಿಚಯವುಂಟು. ಅದರೊಳಗೆ ಯಾವ ಅಂಗಡಿಯ ಪೆಟ್ಟಿಗೆಯಾದರೂ ಕೂರುತ್ತಿತ್ತು. ೨೦೦೫ರ ಸ್ವಿಫ್ಟ್, ೨೦೦೭ರ ಐ೧೦ ಮುಂತಾದ ಕಾರುಗಳಲ್ಲಿ ರೇಡಿಯೋದ ಮುಖವನ್ನು ಹಲಗೆಯ ಆಕಾರಕ್ಕೇ ಸೇರಿಸಿ ಅಚ್ಚು ಹಾಕಿದರು. ಇಂತಹುದನ್ನು ತೆಗೆದರೆ ಆಕಾರಗೆಟ್ಟ ಬಾಯಿ ಉಳಿಯುತ್ತದೆ. ಆಯಾ ಕಾರಿಗೆಂದೇ ಮಾಡಿದ ಪ್ಲಾಸ್ಟಿಕ್ ಚೌಕಟ್ಟನ್ನು ಜೆ.ಸಿ. ರಸ್ತೆಯಂತಹ ಕಡೆ ಕೊಂಡು ತರಬೇಕಾಗುತ್ತದೆ. ಆದರೆ ಕಿಂಡಿಗೆ ಪೆಟ್ಟಿಗೆ ಸರಿಯಾಗಿ ಕೂತಿತೆಂದ ಮಾತ್ರಕ್ಕೆ ರೇಡಿಯೋ ಬದಲಾಯಿತೆಂದು ತಿಳಿಯಕೂಡದು. ಬ್ಯಾಟರಿ, ಸ್ಪೀಕರು, ಆಂಟೆನಾ ಎಂಬ ಮೂರು ಬೇರೆ ಬೇರೆ ದಾರಿಗಳು ಆ ಪೆಟ್ಟಿಗೆಯ ಬೆನ್ನಿನಲ್ಲಿ ಕೂಡುತ್ತವೆ. ಎಡವಟ್ಟಾಗುವುದು ಅಲ್ಲಿ.

ಕೈ ಹಾಕುವ ಮುನ್ನ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿದೆವು. ಮೊದಲು ಋಣವೇ ಏಕೆ? ಕಾರಿನ ಲೋಹದ ಮೈಯೆಲ್ಲ ಋಣ ತುದಿಗೆ ಸೇರಿದೆ. ಧನ ತುದಿಯನ್ನು ಬಿಚ್ಚುವಾಗ ಸ್ಪ್ಯಾನರು ಮೈಗೆ ತಗುಲಿದರೆ ನೂರಾರು ಆಂಪೇರು ಆ ಸ್ಪ್ಯಾನರಿನ ಮೂಲಕ ಹರಿಯುತ್ತದೆ. ಋಣವನ್ನು ಬಿಚ್ಚುವಾಗ ತಗುಲಿದರೆ ಏನೂ ಆಗದು. ಗಾಳಿಚೀಲವುಳ್ಳ ಕಾರಾದರೆ ಬಿಚ್ಚಿದ ಮೇಲೆ ಹತ್ತು ನಿಮಿಷವಾದರೂ ಕಾಯತಕ್ಕದ್ದು. ಚೀಲವನ್ನು ಸಿಡಿಸುವ ವಿದ್ಯುತ್ತು ಸ್ವಲ್ಪ ಹೊತ್ತು ಅದರ ಮಂಡಲದಲ್ಲಿ ಸಂಗ್ರಹವಾಗಿರುತ್ತದೆ. ಆ ಮಂಡಲದ ಕೊಂಡಿಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಅವನ್ನು ಬಿಚ್ಚುವುದಾಗಲಿ, ಮೀಟರಿನಿಂದ ಮುಟ್ಟುವುದಾಗಲಿ ಕೂಡದು. ರೇಡಿಯೋದಲ್ಲಿಯೂ ಒಂದು ಹಳದಿ ತಂತಿ ಇರುವುದರಿಂದ ಈ ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ.

ಅಂಗಡಿಯಲ್ಲಿ ಸಿಗುವ ರೇಡಿಯೋಗಳ ತಂತಿಗಳ ಬಣ್ಣಕ್ಕೆ ಬಹುಮಟ್ಟಿಗೆ ಒಂದು ಪದ್ಧತಿಯಿದೆ. ಕಪ್ಪು ಕಾರಿನ ಮೈಗೆ ಸೇರತಕ್ಕದ್ದು. ಹಳದಿಗೆ ಬ್ಯಾಟರಿಯ ಸಂಬಂಧ ಹಗಲೂ ರಾತ್ರಿ ಇರಬೇಕು. ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರಬೇಕು. ಎರಡೂ ಹನ್ನೆರಡು ವೋಲ್ಟಿನವೇ ಆಗಿರುವಾಗ ಎರಡು ತಂತಿಗಳೇಕೆ? ಹಳದಿ ಅನ್ನದ ದಾರಿ. ಹಾಡಲು ಬೇಕಾದ ಶಕ್ತಿಯೂ, ಗಡಿಯಾರ ಮತ್ತು ಕೇಂದ್ರಗಳ ನೆನಪನ್ನು ಉಳಿಸಿಕೊಳ್ಳಲು ಬೇಕಾದ ತೃಣಮಾತ್ರ ಪ್ರವಾಹವೂ ಅದರಲ್ಲಿ ಬರುತ್ತವೆ. ಕೆಂಪು ಬರಿಯ ಸಂಜ್ಞೆ: ‘ಯಜಮಾನರು ಬಂದಿದ್ದಾರೆ, ಏಳು’ ಎಂದು ತಿಳಿಸುವುದಷ್ಟೆ ಅದರ ಕೆಲಸ. ಇವೆರಡು ಅದಲುಬದಲಾದರೆ ಕೀಲಿ ತೆಗೆದಾಗಲೆಲ್ಲ ರೇಡಿಯೋ ತನ್ನ ನೆನಪನ್ನು ಕಳೆದುಕೊಳ್ಳುತ್ತದೆ. ಎರಡನ್ನೂ ಒಂದಾಗಿ ಹೊಸೆದು ಶಾಶ್ವತ ವಿದ್ಯುತ್ತಿಗೆ ಕಟ್ಟಿಬಿಟ್ಟರೆ ಅದು ನಿದ್ರೆಯನ್ನೇ ಕಾಣುವುದಿಲ್ಲ.

ಹೊಸ ಪೆಟ್ಟಿಗೆಯನ್ನು ಹೊರಗೆಳೆದಾಗ ನಮಗೆ ಕಂಡದ್ದು ಇದೇ. ಹಳದಿ, ಕೆಂಪುಗಳೆರಡನ್ನೂ ಒಟ್ಟಿಗೆ ತಿರುಚಿ ಮೇಲೆ ಕಪ್ಪು ಟೇಪು ಸುತ್ತಿದ್ದರು. ಕೀಲಿ ಇಲ್ಲದೆಯೂ ಹಾಡು ಕೇಳಬಹುದೆಂದು ಕೆಲವರು ಹೀಗೆ ಕೇಳಿ ಮಾಡಿಸಿಕೊಳ್ಳುವುದುಂಟು, ನಾವು ಕೇಳಿರಲಿಲ್ಲ. ಋಣ ತುದಿಗೂ ಅದರ ತಂತಿಗೂ ನಡುವೆ ಮೀಟರನ್ನು ಇಟ್ಟು, ಕೀಲಿ ತೆಗೆದು, ಬಾಗಿಲು ಮುಚ್ಚಿ, ತೆರೆಯನ್ನು ಆರಿಸಿ ಅಳೆದರೆ ೦.೩೮ ಆಂಪೇರು. ತೆರೆ ಕತ್ತಲಾಗಿದ್ದರೂ ಒಳಗಿನ ಯಂತ್ರ ಎಚ್ಚರವಾಗಿಯೇ ಇತ್ತು. ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ ಸುಮಾರು ೫೬ ಗಂಟೆ. ೦.೩೮ನ್ನು ೫೬ರಿಂದ ಗುಣಿಸಿದರೆ ೨೧ ಆಂಪೇರ್-ಗಂಟೆಗಿಂತ ಹೆಚ್ಚು. ನಮ್ಮ ಬ್ಯಾಟರಿಯ ಒಟ್ಟು ಸಾಮರ್ಥ್ಯ ೩೫ ಆಂಪೇರ್-ಗಂಟೆ, ಅದೂ ಹೊಸದಿದ್ದಾಗ. ಉಳಿದುದರಿಂದ ಸ್ಟಾರ್ಟರು ತಿರುಗದಿದ್ದುದರಲ್ಲಿ ಆಶ್ಚರ್ಯವೇನಿಲ್ಲ. ಕೆಂಪನ್ನು ಬೇರ್ಪಡಿಸಿ ಕೀಲಿಯ ತಂತಿಗೆ ಸೇರಿಸಿದ ಮೇಲೆ ಅದೇ ಮೀಟರು ಕಾರಿನ ಗಡಿಯಾರವೂ ಸೇರಿ ೦.೦೧೨ ಆಂಪೇರನ್ನು ತೋರಿಸಿತು. ಈ ಪ್ರಮಾಣದಲ್ಲಿ ಅಷ್ಟೇ ವಿದ್ಯುತ್ತು ಸೋರಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು.

ಕೀಲಿಯ ತಂತಿಯನ್ನು ಗುರುತಿಸುವುದು ಹೇಗೆ? ಬಣ್ಣವನ್ನು ನಂಬುವಂತಿಲ್ಲ. ಮೇಲೆ ಹೇಳಿದ ಪದ್ಧತಿ ಅಂಗಡಿಯ ರೇಡಿಯೋದ್ದು. ಕಾರಿನ ಕಡೆಯ ತಂತಿಗಳಿಗೆ ಆಯಾ ಕಾರ್ಖಾನೆ ತನಗೆ ಬೇಕಾದ ಬಣ್ಣ ಕೊಟ್ಟಿರುತ್ತದೆ. ಋಣ ತುದಿಯನ್ನು ಮತ್ತೆ ಸೇರಿಸಿ, ಮೀಟರಿನ ಕಪ್ಪು ಕಡ್ಡಿಯನ್ನು ಬಣ್ಣವಿಲ್ಲದ ಲೋಹಕ್ಕೆ ಒತ್ತಿ, ಕೆಂಪು ಕಡ್ಡಿಯಿಂದ ಕೊಂಡಿಯ ಒಂದೊಂದು ಕಿಂಡಿಯನ್ನೂ ಮುಟ್ಟುತ್ತ ಹೋಗಬೇಕು. ಕೀಲಿ ಇಲ್ಲದಿರುವಾಗಲೂ ಹನ್ನೆರಡು ವೋಲ್ಟು ತೋರಿದ್ದು ಶಾಶ್ವತ ತಂತಿ. ಕೀಲಿಯನ್ನು ಮೊದಲ ಹಂತಕ್ಕೆ ತಿರುಗಿಸಿದಾಗ ಹೊಸದಾಗಿ ಜೀವ ಬಂದದ್ದು ಕೆಂಪಿಗೆ ತಕ್ಕದ್ದು. ದೀಪ ಹಾಕಿದಾಗ ಮಾತ್ರ ಜೀವ ಬರುವುದೊಂದಿದ್ದರೆ ಅದು ರಾತ್ರಿಯ ಬೆಳಕಿನದು. ಹದಿನೈದು ನಿಮಿಷದ ಕೆಲಸ.

ಇದಕ್ಕಿಂತಲೂ ನಮ್ಮನ್ನು ಬೆಚ್ಚಿಸಿದ್ದು ಇನ್ನೊಂದು ಸಂಗತಿ. ಹಳೆಯ ರೇಡಿಯೋದ ಕೊಂಡಿಯನ್ನು ಬಿಟ್ಟು, ಸ್ಟಿಯರಿಂಗಿನ ಕೆಳಗೆ ಕೀಲಿಪೆಟ್ಟಿಗೆಗೆ ಹೋಗುವ ದಪ್ಪ ತಂತಿಯ ಹೊದಿಕೆಯನ್ನು ಸುಲಿದು, ಅಲ್ಲಿಂದ ನೇರವಾಗಿ ಒಂದು ಸಣ್ಣ ತಂತಿಯನ್ನು ಎಳೆದಿದ್ದರು. ರೇಡಿಯೋದ ಬೆನ್ನಿನಲ್ಲಿ ಹತ್ತು ಆಂಪೇರಿನ ಫ್ಯೂಸು ಇತ್ತು, ನಿಜ. ಆದರೆ ಆ ಫ್ಯೂಸಿಗಿಂತ ಮೊದಲು ಒಂದೂವರೆ ಮೀಟರು ತಂತಿ ಕಾವಲಿಲ್ಲದೆ ಲೋಹದ ಅಂಚುಗಳ ಮೇಲೆ ಹಾದುಬಂದಿತ್ತು. ಫ್ಯೂಸು ಇರುವುದು ಯಂತ್ರವನ್ನು ಕಾಪಾಡಲೆಂದು ಅನೇಕರು ತಿಳಿದಿದ್ದಾರೆ. ಮುಖ್ಯವಾಗಿ ಅದು ಕಾಪಾಡುವುದು ತಂತಿಯನ್ನು, ಅದರಲ್ಲಿಯೂ ತನ್ನಿಂದ ಮುಂದಿನ ತಂತಿಯನ್ನು ಮಾತ್ರ.

ಆ ತಂತಿ ಎಲ್ಲಾದರೂ ಉಜ್ಜಿ ಮೈಗೆ ತಗುಲಿದ್ದರೆ ಏನಾಗುತ್ತಿತ್ತು? ೦.೭೫ ಚದರ ಮಿಲಿಮೀಟರು ಅಡ್ಡಕೊಯ್ತದ ತಾಮ್ರದ ತಂತಿಗೆ ಮೀಟರಿಗೆ ೦.೦೨೩ ಓಮ್ ರೋಧವಿರುತ್ತದೆ. ಒಂದೂವರೆ ಮೀಟರಿಗೆ ೦.೦೩೪. ಬ್ಯಾಟರಿಯದೂ ಉಳಿದ ದಾರಿಯದೂ ಸೇರಿ ೦.೦೨ ಓಮ್ ಎಂದಿಟ್ಟುಕೊಂಡರೆ ಒಟ್ಟು ೦.೦೫೪. ಹನ್ನೆರಡು ವೋಲ್ಟನ್ನು ಇದರಿಂದ ಭಾಗಿಸಿದರೆ ಸುಮಾರು ೨೨೦ ಆಂಪೇರು. ಪ್ರವಾಹದ ವರ್ಗವನ್ನು ತಂತಿಯ ರೋಧದಿಂದ ಗುಣಿಸಿದರೆ ತಂತಿಯೊಳಗೆ ಹುಟ್ಟುವ ಶಾಖ ಸಾವಿರದ ಆರುನೂರು ವಾಟಿಗೂ ಹೆಚ್ಚು. ಮನೆಯ ಇಸ್ತ್ರಿಪೆಟ್ಟಿಗೆ ಸಾವಿರ ವಾಟಿನದು. ಒಂದೂವರೆ ಇಸ್ತ್ರಿಪೆಟ್ಟಿಗೆಗಳ ಬಿಸಿಯೆಲ್ಲ ಹತ್ತು ಗ್ರಾಮು ತೂಕದ ತಾಮ್ರದಲ್ಲಿ ತುಂಬಿದಂತಾಯಿತು! ಹೊದಿಕೆಯ ಪ್ಲಾಸ್ಟಿಕ್ಕು ಕರಗಲು ಒಂದು ಸೆಕೆಂಡೂ ಬೇಡ. ಕಾರಿನ ಹಲಗೆಯ ಒಳಗೆ ಕಣ್ಣಿಗೆ ಕಾಣದಂತೆ ಇದು ನಡೆಯುತ್ತದೆ. ಆಸ್ಪತ್ರೆಯಿಂದ ಬರುವಾಗ ಮಾವನವರು ಮುಂದಿನ ಆಸನದಲ್ಲಿ ಕಣ್ಣು ಮುಚ್ಚಿ ಒರಗಿರುತ್ತಾರೆ. ಅವರ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಆ ತಂತಿ ಇತ್ತು.

ಅದನ್ನು ಕಿತ್ತುಹಾಕಿ, ಕಾರ್ಖಾನೆಯವರು ಫ್ಯೂಸುಪೆಟ್ಟಿಗೆಯಿಂದ ತಂದಿದ್ದ ಮೊದಲಿನ ದಾರಿಗೇ ಹೊಸ ರೇಡಿಯೋವನ್ನು ಜೋಡಿಸಿದೆವು. ಹಳೆಯ ಕೊಂಡಿಯನ್ನು ಕತ್ತರಿಸಬೇಕಾಗಿಲ್ಲ. ಒಂದು ತುದಿ ಕಾರಿನ ಕೊಂಡಿಗೂ ಇನ್ನೊಂದು ತುದಿ ರೇಡಿಯೋಗೂ ಹೊಂದುವ ನಡುಕೊಂಡಿ ಹೆಚ್ಚಿನ ಕಾರುಗಳಿಗೆ ಸಿಗುತ್ತದೆ. ತಿರುಚಿ ಟೇಪು ಸುತ್ತಿದ ಕೀಲುಗಳನ್ನು ಬಿಚ್ಚಿ ಬೆಸುಗೆ ಹಾಕಿದೆವು. ಬೇಸಗೆಯ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಟೇಪಿನ ಅಂಟು ಜಿನುಗಿ ಜಾರುತ್ತದೆಂಬುದನ್ನು ಎಲ್ಲರೂ ಕಂಡಿದ್ದಾರೆ. ಬಿಸಿಗೆ ಕುಗ್ಗುವ ಕೊಳವೆ ಎಷ್ಟೋ ಮೇಲು.

ಇನ್ನು ಸ್ಪೀಕರುಗಳು. ಪೆಟ್ಟಿಗೆಯ ಮೇಲೆ ‘೫೦ ವಾಟ್ × ೪’ ಎಂದು ಹೊಳೆಯುವ ಅಕ್ಷರಗಳಿದ್ದವು. ನಾಲ್ಕು ಐವತ್ತು ಇನ್ನೂರು. ಆದರೆ ಬೆನ್ನಿನ ಫ್ಯೂಸು ಹತ್ತು ಆಂಪೇರಿನದು. ಎಂಜಿನ್ನು ಓಡುವಾಗ ೧೪.೪ ವೋಲ್ಟೆಂದು ಹಿಡಿದರೂ ಒಳಹೋಗುವುದೇ ೧೪೪ ವಾಟು. ಒಳಹೋದದ್ದಕ್ಕಿಂತ ಹೆಚ್ಚು ನಿರಂತರವಾಗಿ ಹೊರಬರುವುದುಂಟೆ? ೧೪.೪ರ ವರ್ಗವನ್ನು ಸ್ಪೀಕರಿನ ನಾಲ್ಕು ಓಮಿನಿಂದ ಭಾಗಿಸಿದರೆ ಸುಮಾರು ೫೨ ಬರುತ್ತದೆ; ಆ ಐವತ್ತರ ಮೂಲ ಇದು. ಧ್ವನಿಯ ಅಲೆ ತನ್ನ ಆಕಾರವನ್ನೆಲ್ಲ ಕಳೆದುಕೊಂಡು ಚೌಕವಾಗಿ ಒಡೆದಾಗಿನ ಲೆಕ್ಕವದು. ಅಲೆ ಒಡೆಯದೆ ಬರಬಹುದಾದದ್ದು ಅದರ ಅರ್ಧ, ಒಳಗಿನ ನಷ್ಟ ಕಳೆದರೆ ಇಪ್ಪತ್ತು ವಾಟಿನ ಸುತ್ತಮುತ್ತ. ಸಣ್ಣ ಕಾರಿನೊಳಗೆ ಅದೇ ಧಾರಾಳ. ಅಂಕಿಯನ್ನು ನೋಡಿ ಹೆಚ್ಚು ಹಣ ಕೊಡುವುದು ವ್ಯರ್ಥವೆಂದು ನಮ್ಮ ಅಭಿಪ್ರಾಯ.

ಸ್ಪೀಕರಿನ ಋಣ ತಂತಿಯನ್ನು ಮಾತ್ರ ಕಾರಿನ ಮೈಗೆ ಎಂದಿಗೂ ಸೇರಿಸಕೂಡದು. ಹಳೆಯ ಕಾಲದ ಕೆಲವು ರೇಡಿಯೋಗಳಲ್ಲಿ ಹಾಗೆ ಸೇರಿಸುವುದೇ ವಾಡಿಕೆಯಾಗಿತ್ತು. ಈಗಿನವುಗಳಲ್ಲಿ ಪ್ರತಿಯೊಂದು ಸ್ಪೀಕರಿಗೂ ಎರಡು ವರ್ಧಕಗಳಿದ್ದು, ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಎರಡು ತಂತಿಗಳೂ ಮೈಯಿಂದ ಆರೇಳು ವೋಲ್ಟು ಮೇಲೆ ತೇಲುತ್ತಿರುತ್ತವೆ. ಒಂದನ್ನು ಮೈಗೆ ಮುಟ್ಟಿಸಿದರೆ ಒಂದು ವರ್ಧಕವನ್ನು ಸುಟ್ಟಂತೆಯೇ. ಯಾವ ಜೋಡಿ ಯಾವ ಸ್ಪೀಕರಿನದೆಂದು ತಿಳಿಯಲು, ಕೊಂಡಿ ಬಿಚ್ಚಿರುವಾಗ, ಒಂದೂವರೆ ವೋಲ್ಟಿನ ಗಡಿಯಾರದ ಸೆಲ್ಲನ್ನು ಕ್ಷಣಮಾತ್ರ ತಾಕಿಸಿದರೆ ಸಾಕು; ‘ಟಪ್’ ಎಂದು ಸದ್ದು ಬಂದ ಮೂಲೆಯೇ ಅದರ ಜಾಗ. ಕಾಗದದ ಶಂಕು ಮುಂದಕ್ಕೆ ಚಿಮ್ಮಿದರೆ ಸೆಲ್ಲಿನ ಧನ ತುದಿ ಮುಟ್ಟಿದ್ದು ಸ್ಪೀಕರಿನ ಧನ. ಒಂದು ಸ್ಪೀಕರು ತಿರುಗುಮುರುಗಾದರೆ ಒಂದು ಶಂಕು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದುಕೊಂಡು ಮೃದಂಗದ ತಗ್ಗು ನಾದವೆಲ್ಲ ಮಾಯವಾಗುತ್ತದೆ.

ಎರಡನೆಯ ಕೊರತೆಗೆ ಬರೋಣ. ಎಫ್.ಎಂ. ಏಕೆ ಸೊರಗಿತು? ಬೆಂಗಳೂರಿನ ಕನ್ನಡ ಕಾಮನಬಿಲ್ಲು ಪ್ರಸಾರವಾಗುವುದು ೧೦೧.೩ ಮೆಗಾಹರ್ಟ್ಸಿನಲ್ಲಿ, ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ಅಲೆಯುದ್ದ ೨.೯೬ ಮೀಟರು. ಇದರ ಕಾಲುಭಾಗ, ಎಂದರೆ ೭೪ ಸೆಂಟಿಮೀಟರು, ಆಂಟೆನಾಕ್ಕೆ ತಕ್ಕ ಉದ್ದ. ಹಿಂದಿನ ಕಾರುಗಳ ಮಗ್ಗುಲಲ್ಲಿ ಎಳೆದು ನಿಲ್ಲಿಸುತ್ತಿದ್ದ ಕಡ್ಡಿ ಹೆಚ್ಚುಕಡಮೆ ಅಷ್ಟುದ್ದವಿರುತ್ತಿತ್ತು. ನಮ್ಮ ಕಾರಿನ ಮಾಡಿನ ಮೇಲಿರುವುದು ಒಂದು ಗೇಣಿನದು. ಗಿಡ್ಡತನದ ನಷ್ಟವನ್ನು ತುಂಬಲು ಅದರ ಬುಡದಲ್ಲಿ ಪುಟ್ಟ ವರ್ಧಕವಿದೆ. ಅದಕ್ಕೂ ಹನ್ನೆರಡು ವೋಲ್ಟು ಬೇಕು. ಹಳೆಯ ರೇಡಿಯೋ ಆಂಟೆನಾದ ಕೇಬಲಿನ ನಡುತಂತಿಯಲ್ಲೇ ಆ ವಿದ್ಯುತ್ತನ್ನು ಕಳಿಸುತ್ತಿತ್ತು. ಹೊಸದು ಅದಕ್ಕೆಂದು ಬೇರೆ ನೀಲಿ ತಂತಿಯನ್ನು ಕೊಟ್ಟಿತ್ತು. ಅಂಗಡಿಯವರು ಅದನ್ನು ಮಡಿಚಿ ಟೇಪು ಸುತ್ತಿ ಬಿಟ್ಟಿದ್ದರು. ನೀಲಿ ತಂತಿಯ ವಿದ್ಯುತ್ತನ್ನು ಕೇಬಲಿಗೆ ಸೇರಿಸುವ ಬೆರಳುದ್ದದ ಕೊಂಡಿಯೊಂದನ್ನು ಎಸ್.ಪಿ. ರಸ್ತೆಯಿಂದ ತಂದು ಹಾಕಿದೊಡನೆ ಕೇಂದ್ರಗಳೆಲ್ಲ ಎದ್ದು ನಿಂತವು. ಹೆಬ್ಬಾಳದ ಮೇಲುಸೇತುವೆಯ ಅಡಿಯಲ್ಲಿ ನಿಧಾನವಾಗಿ ಸಾಗುವಾಗ ಧ್ವನಿ ಪಟಪಟನೆ ಕಡಿಯುವುದು ಮಾತ್ರ ಈಗಲೂ ಉಂಟು. ಅದು ರೇಡಿಯೋದ ತಪ್ಪಲ್ಲ. ನೇರವಾಗಿ ಬಂದ ಅಲೆಯೂ ಕಾಂಕ್ರೀಟಿಗೆ ಬಡಿದು ಬಂದ ಅಲೆಯೂ ಒಂದೆಡೆ ಕೂಡಿ ಇನ್ನೊಂದೆಡೆ ಕಳೆದುಕೊಂಡು, ಸುಮಾರು ಒಂದೂವರೆ ಮೀಟರಿಗೊಮ್ಮೆ ಧ್ವನಿ ತಗ್ಗುವ ತಾಣಗಳು ಉಂಟಾಗುತ್ತವೆ.

ಕೊನೆಯದಾಗಿ ೬೧೨. ಇದು ನಮ್ಮನ್ನು ಒಂದು ಸಂಜೆ ಪೂರ್ತಿ ಕಾಡಿತು. ಈಗಿನ ತೆರೆಯುಳ್ಳ ಪೆಟ್ಟಿಗೆಗಳಲ್ಲಿ ಮಧ್ಯಮ ತರಂಗವೇ ಇಲ್ಲದವು ಎಷ್ಟೋ ಇವೆ. ಆಕಾಶವಾಣಿಯನ್ನು ಕೇಳುವವರು ಕೊಳ್ಳುವ ಮೊದಲೇ ವಿಚಾರಿಸತಕ್ಕದ್ದು. ನಮ್ಮದರಲ್ಲಿ ಅದಿತ್ತು. ಆದರೂ ಮುಂದಕ್ಕೆ ಒತ್ತಿದರೆ ೬೦೦, ೬೧೦, ೬೨೦ ಎಂದು ಹಾರುತ್ತಿತ್ತೇ ಹೊರತು ೬೧೨ರಲ್ಲಿ ನಿಲ್ಲುತ್ತಿರಲಿಲ್ಲ. ೬೧೦ರಲ್ಲಿ ಯಾರೋ ಮೂಗು ಮುಚ್ಚಿಕೊಂಡು ಮಾತನಾಡಿದಂತಹ ಸದ್ದು. ಎಫ್.ಎಂ.ನಲ್ಲಿಯೂ ಒಂದು ವಿಚಿತ್ರ: ೧೦೧.೩ ಇದೆ, ವಿವಿಧಭಾರತಿಯ ೧೦೨.೯ ಇದೆ, ‘ರೇಡಿಯೋ ಆಕ್ಟಿವ್’ ಎಂಬ ಸಮುದಾಯ ಬಾನುಲಿಯ ೯೦.೪ ಇಲ್ಲ.

ಅಂಕಿಗಳನ್ನು ಕಾಗದದ ಮೇಲೆ ಬರೆದು ನೋಡಿದಾಗ ಗುಟ್ಟು ಹೊರಬಿದ್ದಿತು. ಸಿಕ್ಕಿದ ಎಫ್.ಎಂ. ಕೇಂದ್ರಗಳಿಗೆಲ್ಲ ಬಿಂದುವಿನ ಮುಂದೆ ಬೆಸ ಅಂಕಿ, ಸಿಕ್ಕದುದಕ್ಕೆ ಸಮ. ಅಮೆರಿಕೆಯಲ್ಲಿ ಎಫ್.ಎಂ. ಕೇಂದ್ರಗಳನ್ನು ೮೭.೯, ೮೮.೧, ೮೮.೩ ಹೀಗೆ ಬೆಸ ಅಂಕಿಗಳಲ್ಲೇ ಹಂಚಿದ್ದಾರೆ. ಮಧ್ಯಮ ತರಂಗದಲ್ಲಿ ಅವರ ಹೆಜ್ಜೆ ಹತ್ತು ಕಿಲೋಹರ್ಟ್ಸಿನದು. ಭಾರತವೂ ಏಷ್ಯ, ಯೂರೋಪುಗಳ ಉಳಿದ ದೇಶಗಳೂ ಒಂಬತ್ತರ ಹೆಜ್ಜೆ ಇಡುತ್ತವೆ. ೬೧೨ ಒಂಬತ್ತರ ಅರವತ್ತೆಂಟರಷ್ಟು. ಹತ್ತರ ಮಗ್ಗಿಯಲ್ಲಿ ಅದು ಬರುವುದೇ ಇಲ್ಲ. ಪೆಟ್ಟಿಗೆ ತಾನು ಅಮೆರಿಕೆಯಲ್ಲಿದ್ದೇನೆಂದು ಭಾವಿಸಿತ್ತು! ಒಳಗಿನ ಹೊಂದಿಕೆಗಳಲ್ಲಿ ‘ಪ್ರದೇಶ’ ಎಂಬುದನ್ನು ಏಷ್ಯಕ್ಕೆ ಬದಲಿಸಿದೆವು. ೬೦೩, ಆಮೇಲೆ ೬೧೨. ಮಾವನವರನ್ನು ಕರೆದು ಕೂರಿಸಿದೆವು. ಜಪಾನಿನಿಂದ ಬಂದ ಹಳೆಯ ಪೆಟ್ಟಿಗೆಗಳನ್ನು ಅಗ್ಗವೆಂದು ಕೊಳ್ಳುವವರಿಗೂ ಒಂದು ಮಾತು: ಅಲ್ಲಿಯ ಹಳೆಯ ಎಫ್.ಎಂ. ಪಟ್ಟಿ ೭೬ರಿಂದ ೯೦ ಮೆಗಾಹರ್ಟ್ಸಿಗೆ ಮುಗಿಯುತ್ತದೆ. ೯೧.೧ ಆಗಲಿ ೧೦೧.೩ ಆಗಲಿ ಅದಕ್ಕೆ ಕೇಳಿಸದು. ಯಾವ ಹೊಂದಿಕೆಯನ್ನು ಬದಲಿಸಿದರೂ ಸಾಮಾನ್ಯವಾಗಿ ಪ್ರಯೋಜನವಿಲ್ಲ.

ಹಳೆಯ ಪೆಟ್ಟಿಗೆಯನ್ನು ನಾವು ಗುಜರಿಗೆ ಹಾಕಲಿಲ್ಲ. ಬಿಚ್ಚಿ ನೋಡಿದಾಗ ಧ್ವನಿಯ ಗುಂಡಿಯ ಒಳಸಂಪರ್ಕಗಳಲ್ಲಿ ಹದಿನೈದು ವರ್ಷದ ಧೂಳು, ಜಿಡ್ಡು. ಸಂಪರ್ಕ ತೊಳೆಯುವ ದ್ರವವನ್ನು ಸಿಂಪಡಿಸಿ ನಾಲ್ಕು ಸಲ ತಿರುಗಿಸಿದರೆ ಗುಂಡಿ ಸರಿಹೋಯಿತು. ಇದು ಮೊದಲೇ ತಿಳಿದಿದ್ದರೆ ಅಂಗಡಿಗೆ ಹೋಗುತ್ತಿದ್ದೆವೋ ಇಲ್ಲವೋ. ಈಗ ಅದು ಮಾವನವರ ಕೋಣೆಯ ಕಪಾಟಿನ ಮೇಲಿದೆ: ಹನ್ನೆರಡು ವೋಲ್ಟಿನ ಅಡಾಪ್ಟರು, ನಡುವೆ ಒಂದು ಫ್ಯೂಸು, ಕಿಟಕಿಯವರೆಗೆ ಎಳೆದ ಮೂರು ಮೀಟರು ಹೊದಿಕೆಯುಳ್ಳ ತಂತಿ. ಮನೆಯ ರೇಡಿಯೋಗಳಲ್ಲಿರುವಂತೆ ಕಾರಿನ ರೇಡಿಯೋದೊಳಗೆ ಫೆರೈಟ್ ಕಡ್ಡಿ ಇರುವು ದಿಲ್ಲವಾದ್ದರಿಂದ ಮಧ್ಯಮ ತರಂಗಕ್ಕೂ ಈ ತಂತಿ ಬೇಕು. ಅದರ ನಡುತಂತಿಯಲ್ಲಿ ವಿದ್ಯುತ್ತು ಇರುವುದರಿಂದ ತುದಿ ಕಿಟಕಿಯ ಸರಳಿಗೆ ತಾಕದಂತೆ ಮುಚ್ಚಿದ್ದೇವೆ. ಶಾಶ್ವತ ತಂತಿಯನ್ನೂ ಕೀಲಿಯ ತಂತಿಯನ್ನೂ ಇಲ್ಲಿ ಒಟ್ಟಿಗೆ ಸೇರಿಸಿದ್ದೇವೆ. ಇಲ್ಲಿ ಸೋರಿಹೋಗಲು ಬ್ಯಾಟರಿ ಇಲ್ಲ. ಗೋಡೆಯ ಸ್ವಿಚ್ಚನ್ನು ರಾತ್ರಿ ಅವರೇ ಎದ್ದು ಆರಿಸುತ್ತಾರೆ.